ಡಿವೋರ್ಸ್ ನಂತರ ಚರ್ಚಿನ ಅನಲ್ಮೆಂಟ್: ಅರ್ಜಿ ಬರೆಯಲು ಕೂರುವ ಮುಂಚೆ

ನಮ್ಮ ಕಥೋಲಿಕ ಧರ್ಮಕೇಂದ್ರದಲ್ಲಿ ಯಾರಾದರೂ ಅನಲ್ಮೆಂಟ್ (ಮದುವೆ ಮೊದಲಿನಿಂದಲೂ ಅಸಿಂಧು ಅನ್ನುವ ಚರ್ಚಿನ ತೀರ್ಪು) ಬಗ್ಗೆ ವಿಚಾರಿಸಿದರೆ ಫಾದರ್ ಅವರನ್ನು ನನ್ನ ಹತ್ತಿರ ಕಳಿಸುತ್ತಾರೆ. ನಾನು ವಕೀಲೆ ಅಲ್ಲ, ಗಣಿತ ಕಲಿಸುತ್ತಿದ್ದ ಟೀಚರ್. ಅರ್ಜಿ ಬರೆಯುವವರ ಪಕ್ಕದಲ್ಲಿ ಕೂತು, ಕೇಳಿಸಿಕೊಂಡು, ಬರೆದದ್ದನ್ನು ಓದಿ, "ಇದು ಬೇಡ, ಇದನ್ನು ಇನ್ನೂ ಬಿಡಿಸಿ ಬರೆಯಿರಿ" ಅನ್ನುವುದು ನನ್ನ ಕೆಲಸ.

ಬಂದವರು ಮೊದಲು ಟೇಬಲ್ ಮೇಲೆ ಇಡುವುದು ಕೋರ್ಟಿನ ಡಿವೋರ್ಸ್ ಫೈಲು. ಎರಡು ಕೈಯಲ್ಲಿ ಹಿಡಿದು ತರುವಷ್ಟು ದಪ್ಪ. ಅದರಲ್ಲಿ ನಮಗೆ ತಕ್ಷಣ ಬೇಕಾದದ್ದು ತೀರ್ಪಿನ ಪ್ರತಿ ಮಾತ್ರ. ಉಳಿದದ್ದೆಲ್ಲ ಮದುವೆ ಹೇಗೆ ಮುರಿಯಿತು ಅನ್ನುವ ಕಥೆ. ಚರ್ಚಿನ ಟ್ರಿಬ್ಯೂನಲ್, ಅಂದರೆ ಚರ್ಚಿನದೇ ನ್ಯಾಯಾಲಯ, ಕೇಳುವುದು ಬೇರೆ ಪ್ರಶ್ನೆ. ಮದುವೆ ದಿನ ನೀವಿಬ್ಬರೂ ಒಪ್ಪಿಗೆ ಕೊಟ್ಟಿರಲ್ಲ, ಆ ಒಪ್ಪಿಗೆ ನಿಜವಾದ ಒಪ್ಪಿಗೆ ಆಗಿತ್ತಾ? ಲೆಕ್ಕದ ಉತ್ತರ ತಪ್ಪಿದರೆ ಕೊನೆಯ ಸಾಲನ್ನೇ ದಿಟ್ಟಿಸಿ ಪ್ರಯೋಜನವಿಲ್ಲ, ಮೊದಲ ಸಾಲಿಗೆ ಹೋಗಬೇಕು. ಅರ್ಜಿ ಬರೆಯುವಾಗಲೂ ಅಷ್ಟೇ.

ಮೊದಲು ತಲೆಯಿಂದ ತೆಗೆದುಹಾಕಬೇಕಾದದ್ದು

ಅನಲ್ಮೆಂಟ್ ಅಂದರೆ ಚರ್ಚ್ ಕೊಡುವ ಡಿವೋರ್ಸ್ ಅಲ್ಲ. ಇದ್ದ ಮದುವೆಯನ್ನು ಮುರಿಯುವುದು ಡಿವೋರ್ಸ್. ಸರಿಯಾಗಿ ನಡೆದು ದೈಹಿಕ ದಾಂಪತ್ಯವೂ ಕೂಡಿಬಂದ ಇಬ್ಬರು ಕ್ರೈಸ್ತರ ಮದುವೆಯನ್ನು ಮುರಿಯುವ ಅಧಿಕಾರ ಯಾವ ಮನುಷ್ಯನಿಗೂ ಇಲ್ಲ ಅನ್ನುವುದು ಧರ್ಮಸಭೆಯ (ಕಥೋಲಿಕ ಚರ್ಚಿನ) ಕಾನೂನು. ಟ್ರಿಬ್ಯೂನಲ್ ಹೇಳಬಹುದಾದದ್ದು ಇಷ್ಟೇ: ಹೊರಗಿಂದ ಎಲ್ಲ ಸರಿಯಾಗಿ ಕಂಡರೂ, ಮದುವೆ ಆಗಲು ಬೇಕಾದ ಏನೋ ಒಂದು ಆ ದಿನವೇ ಇರಲಿಲ್ಲ, ಹಾಗಾಗಿ ಅದು ಮೊದಲಿನಿಂದಲೂ ಅಸಿಂಧು.

ಹಾಗಾದರೆ ಮಕ್ಕಳು? ಎಲ್ಲರೂ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಇದು. ನನ್ನ ಮಗಳು ಮಾತ್ರ ಜೋರಾಗಿಯೇ ಕೇಳಿದ್ದಳು, "ಅಮ್ಮಾ, ಹಾಗಾದ್ರೆ ನಾನು ಏನು?" ಉತ್ತರ ಕ್ಯಾನನ್ 1137ರಲ್ಲಿ (ಕ್ಯಾನನ್ ಅಂದರೆ ಧರ್ಮಸಭೆಯ ಕಾನೂನಿನ ಒಂದು ವಿಧಿ) ನೇರವಾಗಿ ಇದೆ. ಮದುವೆ ಸಿಂಧು ಎಂದು ನಂಬಿ ನಡೆಸಿದ ಸಂಸಾರದಲ್ಲಿ ಹುಟ್ಟಿದ ಮಕ್ಕಳೂ ಕಾನೂನುಬದ್ಧ ಮಕ್ಕಳೇ. ತೀರ್ಪು ಅದನ್ನು ಬದಲಿಸುವುದಿಲ್ಲ. ಇನ್ನೂ ಹೇಳಬೇಕೆಂದರೆ, ಮಕ್ಕಳ ಬಗ್ಗೆಯೂ ಒಬ್ಬರಿಗೊಬ್ಬರ ಬಗ್ಗೆಯೂ ಇರುವ ಜವಾಬ್ದಾರಿಯನ್ನು ತೀರ್ಪಿನಲ್ಲೇ ನೆನಪಿಸಬೇಕು ಅನ್ನುತ್ತದೆ ಕಾನೂನು. ಆಸ್ತಿ, ಜೀವನಾಂಶ, ಮಗು ಯಾರ ಬಳಿ ಇರಬೇಕು ಅನ್ನುವುದೆಲ್ಲ ಸರ್ಕಾರದ ಕೋರ್ಟಿನದ್ದು. ಟ್ರಿಬ್ಯೂನಲ್ ಅದನ್ನು ಮುಟ್ಟುವುದೇ ಇಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ. ಡಿವೋರ್ಸ್ ಆದವರು ಪರಮಪ್ರಸಾದ (ಕಮ್ಯುನಿಯನ್) ಸ್ವೀಕರಿಸುವ ಹಾಗಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ವರ್ಷಗಟ್ಟಲೆ ಹಿಂದಿನ ಬೆಂಚಿನಲ್ಲಿ ಕೂತವರನ್ನು ನೋಡಿದ್ದೇನೆ. ಡಿವೋರ್ಸ್ ಆಯಿತು ಅನ್ನುವ ಒಂದೇ ಕಾರಣಕ್ಕೆ ಯಾರೂ ಪರಮಪ್ರಸಾದದಿಂದ ಹೊರಗಾಗುವುದಿಲ್ಲ. ಸಮಸ್ಯೆ ಶುರುವಾಗುವುದು ಅನಲ್ಮೆಂಟ್ ಇಲ್ಲದೆ ಇನ್ನೊಂದು ಮದುವೆ ಆದಾಗ. ಮರುಮದುವೆಯ ಯೋಚನೆಯೇ ಇಲ್ಲದವರಿಗೆ ಅನಲ್ಮೆಂಟ್ ಕಡ್ಡಾಯವಲ್ಲ. ಕೆಲವರು ಸುಮ್ನೆ ಮನಸ್ಸಿನ ನೆಮ್ಮದಿಗಾಗಿ ಅರ್ಜಿ ಹಾಕುತ್ತಾರೆ, ಅದೂ ಸರಿಯೇ. ಹೊಡೆತ ತಿಂದು ಮನೆ ಬಿಟ್ಟು ಬಂದವರಿಗೆ ಒಂದು ಮಾತು: ಜೀವಕ್ಕೆ ಅಪಾಯ ಇರುವಾಗ ಬೇರೆ ಇರಲು ಕಾನೂನಿನಲ್ಲೇ, ಕ್ಯಾನನ್ 1153ರಲ್ಲಿ, ಅವಕಾಶವಿದೆ. ಹೊರಗೆ ಬಂದದ್ದಕ್ಕೆ ಪಾಪಪ್ರಜ್ಞೆ ಬೇಡ.

ನಿಮ್ಮ ದಾರಿ ಯಾವುದು

ಎಲ್ಲ ಕೇಸುಗಳೂ ದೊಡ್ಡ ವಿಚಾರಣೆಗೆ ಹೋಗುವುದಿಲ್ಲ. ಹಾಗಾಗಿ ನಾನು ಮೊದಲು ಕೇಳುವುದು, "ಮದುವೆ ಎಲ್ಲಿ ಆಯಿತು, ಯಾರು ಮಾಡಿಸಿದರು?"

ಕಥೋಲಿಕರ ಮದುವೆ ಅಧಿಕಾರ ಇರುವ ಗುರುಗಳ ಮುಂದೆ, ಇಬ್ಬರು ಸಾಕ್ಷಿಗಳ ಎದುರು ನಡೆಯಬೇಕು. ಕಥೋಲಿಕರೊಬ್ಬರು ಬಿಷಪ್ಪರ ವಿನಾಯಿತಿ ಪಡೆಯದೆ ರಿಜಿಸ್ಟರ್ ಆಫೀಸಿನಲ್ಲಿ ಮಾತ್ರ ಮದುವೆ ಆಗಿ, ಆಮೇಲೂ ಅದನ್ನು ಚರ್ಚಿನಲ್ಲಿ ಸರಿಪಡಿಸಿಕೊಂಡಿಲ್ಲ ಅಂದರೆ, ಕೆಲಸ ಬಹುತೇಕ ಕಾಗದಪತ್ರದ್ದೇ. ಅದೇ ರೀತಿ, ಇಬ್ಬರಲ್ಲಿ ಒಬ್ಬರಿಗೆ ಮೊದಲೇ ಮದುವೆ ಆಗಿತ್ತು, ಆ ಸಂಗಾತಿ ಆಗ ಬದುಕಿದ್ದರು ಎಂದು ದಾಖಲೆಯಿಂದಲೇ ಸ್ಪಷ್ಟವಾಗಿ ತೋರಿಸಬಹುದಾದರೆ, ದಾಖಲೆಗಳ ಮೇಲೆಯೇ ತೀರ್ಮಾನ ಕೊಡುವ ದಾರಿ ಇದೆ. ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆಗದ ಇಬ್ಬರು ಮದುವೆಯಾಗಿ, ಆಮೇಲೆ ಒಬ್ಬರು ದೀಕ್ಷಾಸ್ನಾನ ಪಡೆದು, ಇನ್ನೊಬ್ಬರು ಬಿಟ್ಟುಹೋದರೆ ಅದಕ್ಕೆ ಸಂತ ಪೌಲರ ಮಾತನ್ನು ಆಧರಿಸಿದ ಪ್ರತ್ಯೇಕ ಕ್ರಮವಿದೆ. ಇಂಥದ್ದು ನಿಮ್ಮದಾದರೆ ಟ್ರಿಬ್ಯೂನಲ್ ಕಚೇರಿಯಲ್ಲೇ ನೇರವಾಗಿ ಕೇಳಿ. ಉಳಿದವರೆಲ್ಲರದ್ದು ಸಾಮಾನ್ಯ ವಿಚಾರಣೆ. ಈ ಬರಹ ಮುಖ್ಯವಾಗಿ ಅವರಿಗೆ.

ಒಂದು ವಿಷಯ ಜನರಿಗೆ ಆಶ್ಚರ್ಯ ತರುತ್ತದೆ. ಕಥೋಲಿಕರಲ್ಲದವರ ಮದುವೆಯನ್ನೂ ಧರ್ಮಸಭೆ ಸಿಂಧು ಎಂದೇ ಎಣಿಸುತ್ತದೆ. ಹಾಗಾಗಿ ಕಥೋಲಿಕರಲ್ಲದ, ಡಿವೋರ್ಸ್ ಆದ ಒಬ್ಬರು ಕಥೋಲಿಕರನ್ನು ಚರ್ಚಿನಲ್ಲಿ ಮದುವೆ ಆಗಬೇಕಾದರೆ ಅವರ ಹಿಂದಿನ ಮದುವೆಯನ್ನೂ ಪರಿಶೀಲಿಸಬೇಕು. "ನಾನು ನಿಮ್ಮ ಚರ್ಚಿಗೇ ಸೇರಿದವನಲ್ಲ, ನನಗೇಕೆ ಇದು?" ಎಂದು ಸಿಟ್ಟಾಗುತ್ತಾರೆ. ಸಿಟ್ಟು ಅರ್ಥವಾಗುತ್ತದೆ. ಆದರೆ ಅವರ ಮದುವೆಗೆ ಕೊಟ್ಟ ಗೌರವವೂ ಅದರಲ್ಲಿದೆ ಅಲ್ವಾ?

ಯಾವ ಕಾರಣ, ಯಾವುದು ಕಾರಣವಲ್ಲ

ಗಂಡ ಕುಡಿಯುತ್ತಿದ್ದ, ಹೆಂಡತಿಗೆ ಬೇರೆ ಸಂಬಂಧ ಇತ್ತು, ಅತ್ತೆ ಕಾಟ ಕೊಟ್ಟರು, ಮಾತು ಬಿಟ್ಟು ಐದು ವರ್ಷ ಆಯಿತು. ಇವು ಯಾವುವೂ ತಾವಾಗಿಯೇ ಕಾರಣಗಳಲ್ಲ. ಇದನ್ನು ಹೇಳಿದಾಗ ಎದುರಿಗೆ ಕೂತವರ ಮುಖ ಬಾಡುತ್ತದೆ. ಆದರೆ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಆ ಕುಡಿತ ಮದುವೆಗೆ ಮುಂಚೆಯೇ ಇತ್ತಾ? ಎಷ್ಟು ಇತ್ತು? ಆ ಬೇರೆ ಸಂಬಂಧ ಮದುವೆ ದಿನವೂ ನಡೆದಿತ್ತಾ? ಉತ್ತರ ಹೌದು ಎಂದಾದರೆ ನಾವು ಮೊದಲ ಸಾಲಿಗೆ ಬಂದೆವು.

ಮದುವೆ ಮಾಡುವುದು ಒಪ್ಪಿಗೆ. ಗುರುಗಳಾಗಲಿ ಅಪ್ಪ ಅಮ್ಮನಾಗಲಿ ಆ ಒಪ್ಪಿಗೆಯನ್ನು ನಿಮ್ಮ ಪರವಾಗಿ ಕೊಡಲಾರರು. ಹೆಚ್ಚಿನ ಕೇಸುಗಳು ಇಲ್ಲೇ ಸುತ್ತುತ್ತವೆ.

ಜಾಸ್ತಿ ಕೇಳಿಬರುವುದು ಕ್ಯಾನನ್ 1095. ಮೂರು ಭಾಗ ಇದೆ. ಒಪ್ಪಿಗೆ ಕೊಡುವಾಗ ಬುದ್ಧಿ ಸ್ವಾಧೀನದಲ್ಲಿ ಇರಲಿಲ್ಲ ಅನ್ನುವುದು ಮೊದಲನೆಯದು. ಮದುವೆ ಅಂದರೆ ಏನು ಕೊಡುತ್ತಿದ್ದೇನೆ, ಏನು ಪಡೆಯುತ್ತಿದ್ದೇನೆ ಎಂದು ತೂಗಿ ನೋಡುವ ವಿವೇಚನೆ ಗಂಭೀರವಾಗಿ ಕಡಿಮೆ ಇತ್ತು ಅನ್ನುವುದು ಎರಡನೆಯದು. ಮನಸ್ಸಿಗೆ ಸಂಬಂಧಿಸಿದ ಕಾರಣಗಳಿಂದ ಸಂಸಾರದ ಮೂಲ ಹೊಣೆಗಳನ್ನು ಹೊರುವುದೇ ಸಾಧ್ಯವಿರಲಿಲ್ಲ ಅನ್ನುವುದು ಮೂರನೆಯದು. "ಚಿಕ್ಕ ವಯಸ್ಸು, ಏನೂ ಗೊತ್ತಿರಲಿಲ್ಲ" ಅನ್ನುವುದಷ್ಟೇ ಸಾಲದು. ಪೋಪ್ ಎರಡನೇ ಜಾನ್ ಪಾಲ್ 1987ರಲ್ಲಿ ರೋಮನ್ ರೋಟಾದ (ರೋಮಿನಲ್ಲಿರುವ ಚರ್ಚಿನ ಮೇಲ್ಮನವಿ ನ್ಯಾಯಾಲಯದ) ನ್ಯಾಯಾಧೀಶರಿಗೆ ಇದನ್ನೇ ಒತ್ತಿ ಹೇಳಿದರು. ಕಷ್ಟವಾಗುವುದು ಬೇರೆ, ಆಗದೇ ಇರುವುದು ಬೇರೆ. ಮದುವೆಯನ್ನು ಅಸಿಂಧು ಮಾಡುವುದು ಎರಡನೆಯದು ಮಾತ್ರ.

ಆಮೇಲೆ ಕ್ಯಾನನ್ 1101. ಬಾಯಲ್ಲಿ "ಹೌದು" ಎಂದು, ಮನಸ್ಸಿನಲ್ಲಿ ಮದುವೆಯನ್ನೋ ಅದರ ಮುಖ್ಯ ಭಾಗವನ್ನೋ ಗಟ್ಟಿಯಾಗಿ ತಳ್ಳಿಹಾಕಿದ್ದರೆ ಅದು ಒಪ್ಪಿಗೆ ಅಲ್ಲ. ಮಕ್ಕಳು ಬೇಡವೇ ಬೇಡ ಎಂದು ನಿರ್ಧರಿಸಿಕೊಂಡೇ ಮದುವೆಗೆ ನಿಂತವರು, ಒಬ್ಬರಿಗೇ ನಿಷ್ಠೆಯಿಂದ ಇರುವ ಉದ್ದೇಶವೇ ಇಲ್ಲದವರು, ವೀಸಾಕ್ಕೋ ಆಸ್ತಿಗೋ ಮಾತ್ರ ಮದುವೆ ಆದವರು ಇಲ್ಲಿ ಬರುತ್ತಾರೆ. "ಸರಿ ಹೋಗದಿದ್ದರೆ ಡಿವೋರ್ಸ್ ಇದ್ದೇ ಇದೆ" ಎಂದು ಮದುವೆಯ ಹಿಂದಿನ ವಾರ ಗೆಳೆಯನಿಗೆ ಹೇಳಿದ್ದ ಒಬ್ಬರ ನೆನಪಿದೆ ನನಗೆ. ತಮಾಷೆಗೆ ಹೇಳಿದ್ದಾ, ನಿರ್ಧಾರವೇ ಆಗಿತ್ತಾ? ಆ ಒಂದು ವಾಕ್ಯದ ಸುತ್ತಲೇ ಪೂರ್ತಿ ಕೇಸು ನಡೆಯಿತು.

ಕ್ಯಾನನ್ 1098 ಮೋಸದ್ದು. ಒಪ್ಪಿಗೆ ಪಡೆಯಲೆಂದೇ ಮುಖ್ಯವಾದ ಏನನ್ನೋ ಮುಚ್ಚಿಟ್ಟಿರಬೇಕು, ಮತ್ತು ಅದು ಸಂಸಾರವನ್ನೇ ಅಲ್ಲಾಡಿಸುವಂಥದ್ದು ಆಗಿರಬೇಕು. ಮಕ್ಕಳಾಗದಿರುವುದು ತಾನಾಗಿ ಮದುವೆಯನ್ನು ಅಸಿಂಧು ಮಾಡುವುದಿಲ್ಲ. ಆದರೆ ಅದು ಗೊತ್ತಿದ್ದೂ ಬೇಕೆಂದೇ ಮುಚ್ಚಿಟ್ಟು ಒಪ್ಪಿಗೆ ಪಡೆದರೆ ಪ್ರಶ್ನೆ ಏಳುತ್ತದೆ. ಸಂಬಳ ಸ್ವಲ್ಪ ಹೆಚ್ಚು ಹೇಳಿದ್ದರು ಅನ್ನುವುದನ್ನು ಹಿಡಿದುಕೊಂಡು ಬರಬೇಡಿ.

ಕ್ಯಾನನ್ 1103 ಬಲವಂತ ಮತ್ತು ಭಯ. ಕುತ್ತಿಗೆಗೆ ಚಾಕು ಹಿಡಿದಿರಬೇಕಾಗಿಲ್ಲ. ಮದುವೆ ಆಗದೆ ಬೇರೆ ದಾರಿಯೇ ಇಲ್ಲ ಅನ್ನುವಷ್ಟು ಗಂಭೀರ ಭಯ ಹೊರಗಿನಿಂದ ಬಂದಿರಬೇಕು. ಮದುವೆಗೆ ಮುಂಚೆ ಗರ್ಭ ನಿಂತ ಹುಡುಗಿಯರ ಕೇಸುಗಳಲ್ಲಿ ಈ ಮಾತು ಬರುತ್ತದೆ. ಗರ್ಭ ಕಾರಣವಲ್ಲ. ಆಗ ಅವಳಿಗೆ "ಬೇಡ" ಅನ್ನುವ ಸ್ವಾತಂತ್ರ್ಯ ಇತ್ತಾ ಅನ್ನುವುದು ಪ್ರಶ್ನೆ.

ಹತ್ತಿರದ ರಕ್ತಸಂಬಂಧ, ವಯಸ್ಸು, ಗುರುದೀಕ್ಷೆ, ಮದುವೆಗೆ ಮುಂಚಿನಿಂದ ಇದ್ದು ವಾಸಿಯಾಗದ ನಪುಂಸಕತ್ವ ಮುಂತಾದ ಅಡ್ಡಿಗಳ ಪಟ್ಟಿ ಕ್ಯಾನನ್ 1083ರಿಂದ 1094ರ ವರೆಗೆ ಇದೆ. ಅವನ್ನು ಟ್ರಿಬ್ಯೂನಲ್‌ನವರೇ ನೋಡುತ್ತಾರೆ. ಯಾವ ಕ್ಯಾನನ್ ಎಂದು ಹುಡುಕುವುದು ನಿಮ್ಮ ಕೆಲಸವೂ ಅಲ್ಲ. ನಡೆದದ್ದನ್ನು ಬರೆಯಿರಿ, ಹೆಸರಿಡುವುದು ಅವರಿಗೆ ಬಿಡಿ.

ಅರ್ಜಿ ಬರೆಯುವುದು

ಬೇಕಾದ ಕಾಗದಗಳು ಕಡಿಮೆಯೇ. ದೀಕ್ಷಾಸ್ನಾನ ಪತ್ರ, ಹಳೆಯದಲ್ಲ, ಚರ್ಚಿನ ಪುಸ್ತಕ ನೋಡಿ ಹೊಸದಾಗಿ ಬರೆದುಕೊಟ್ಟದ್ದು. ಚರ್ಚಿನ ಮದುವೆ ಪತ್ರ. ಡಿವೋರ್ಸ್ ತೀರ್ಪಿನ ಪ್ರತಿ. ಟ್ರಿಬ್ಯೂನಲ್ ಕೊಡುವ ಪ್ರಶ್ನೆಗಳ ಹಾಳೆ. ಡಿವೋರ್ಸ್ ಯಾಕೆ ಬೇಕೆಂದರೆ, ಸಂಸಾರ ಮತ್ತೆ ಕೂಡಿಬರುವ ಸಾಧ್ಯತೆ ಇಲ್ಲ ಎಂದು ನ್ಯಾಯಾಧೀಶರಿಗೆ ಮೊದಲೇ ಖಾತ್ರಿಯಾಗಬೇಕು.

ಎಲ್ಲಿ ಕೊಡಬೇಕು? ಮದುವೆ ನಡೆದ ಧರ್ಮಕ್ಷೇತ್ರದಲ್ಲಿ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶದಲ್ಲಿ) ಕೊಡಬಹುದು. ಇಬ್ಬರಲ್ಲಿ ಯಾರಾದರೂ ವಾಸಿಸುವ ಧರ್ಮಕ್ಷೇತ್ರದಲ್ಲಿ ಕೊಡಬಹುದು. ಹೆಚ್ಚಿನ ಸಾಕ್ಷ್ಯ ಸಿಗುವ ಕಡೆಯೂ ಆಗುತ್ತದೆ. ಪೋಪ್ ಫ್ರಾನ್ಸಿಸ್ ತಂದ 2015ರ ಬದಲಾವಣೆಯ ನಂತರ ಇದು ಸುಲಭವಾಗಿದೆ. ನಿಮ್ಮ ಊರಿನಲ್ಲೇ ಕೊಡಿ, ಓಡಾಟ ಉಳಿಯುತ್ತದೆ.

ಈಗ ಬರೆಯುವ ಮಾತು. ಹೆಚ್ಚಿನವರ ಮೊದಲ ಕರಡು ಮದುವೆಯ ಮಾರನೆಯ ದಿನದಿಂದ ಶುರುವಾಗುತ್ತದೆ. ನಾನು ಅದನ್ನು ಪಕ್ಕಕ್ಕಿಟ್ಟು ಖಾಲಿ ಹಾಳೆ ಕೊಡುತ್ತೇನೆ. ನಿಮ್ಮ ಮನೆಯಿಂದ ಶುರು ಮಾಡಿ. ಅಪ್ಪ ಅಮ್ಮ ಹೇಗಿದ್ದರು, ಮನೆಯಲ್ಲಿ ಜಗಳ ಆದರೆ ಹೇಗೆ ಮುಗಿಯುತ್ತಿತ್ತು, ನೀವು ಯಾವ ಸ್ಥಿತಿಯಲ್ಲಿ ಈ ಸಂಬಂಧಕ್ಕೆ ಬಂದಿರಿ. ಆಮೇಲೆ ಪರಿಚಯ. ಯಾರು ಪ್ರಸ್ತಾಪ ತಂದರು, ಎಷ್ಟು ದಿನ ಮಾತಾಡಿದಿರಿ, ಯಾವ ವಿಷಯ ಮಾತಾಡಲೇ ಇಲ್ಲ. ಆಮೇಲೆ ನಿಶ್ಚಯದಿಂದ ಮದುವೆವರೆಗಿನ ವಾರಗಳು. ಈ ಭಾಗಕ್ಕೆ ಅರ್ಧ ಅರ್ಜಿ ಹೋದರೂ ಚಿಂತೆ ಇಲ್ಲ. ಅನುಮಾನ ಬಂದಿತ್ತಾ? ಯಾರಿಗೆ ಹೇಳಿದಿರಿ? ಅವರು ಏನಂದರು? ಮುಂದೂಡಲು ನೋಡಿದಿರಾ? ಆಮೇಲೆ ಮದುವೆ ದಿನ, ಮೊದಲ ತಿಂಗಳುಗಳು. ಕೊನೆಗೆ ಬೇರೆಯಾದದ್ದು, ಅದು ಚಿಕ್ಕದಾಗಿ ಸಾಕು.

ಬೈಗುಳ ಬೇಡ, ತೀರ್ಪು ಕೊಡುವ ಪದಗಳೂ ಬೇಡ. "ಅವರು ಸ್ವಾರ್ಥಿ" ಎಂದು ಬರೆದರೆ ನ್ಯಾಯಾಧೀಶರಿಗೆ ಏನೂ ಸಿಗುವುದಿಲ್ಲ. "ನಿಶ್ಚಯ ಆದ ಮೇಲೆ ಅವರು ಕೆಲಸ ಬಿಟ್ಟರು, ಮದುವೆ ಮುಗಿಯುವವರೆಗೂ ನನಗಾಗಲಿ ನಮ್ಮ ಮನೆಯವರಿಗಾಗಲಿ ಹೇಳಲಿಲ್ಲ, ಅವರ ಅಣ್ಣನಿಗೆ ಗೊತ್ತಿತ್ತು" ಎಂದು ಬರೆದರೆ ಘಟನೆ ಸಿಗುತ್ತದೆ, ಸಮಯ ಸಿಗುತ್ತದೆ, ಸಾಕ್ಷಿಯೂ ಸಿಗುತ್ತದೆ. ನಿಮ್ಮ ಬಗ್ಗೆಯೂ ಅಷ್ಟೇ ನೇರವಾಗಿ ಬರೆಯಿರಿ. ಯಾರ ತಪ್ಪು ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ಅರ್ಜಿ ಹಾಕಿದವರ ಒಪ್ಪಿಗೆಯಲ್ಲೇ ಕೊರತೆ ಇತ್ತು ಎಂದು ತೀರ್ಮಾನವಾಗುವ ಕೇಸುಗಳೂ ಇವೆ.

ಬರೆಯುವಾಗ ಒಂದು ಎಚ್ಚರ ಇರಲಿ. ನೀವು ಬರೆದದ್ದನ್ನು ಇನ್ನೊಬ್ಬರು, ಅಂದರೆ ನಿಮ್ಮ ಮಾಜಿ ಸಂಗಾತಿ, ಓದುವ ಹಕ್ಕು ಪಡೆದಿರುತ್ತಾರೆ. ಅರ್ಜಿಯ ಪ್ರತಿ ಅವರಿಗೆ ಹೋಗುತ್ತದೆ, ವಿಚಾರಣೆ ಮುಗಿದಾಗ ಸಾಕ್ಷ್ಯಗಳನ್ನೂ ನೋಡಬಹುದು. ನಿಮ್ಮ ಈಗಿನ ವಿಳಾಸ ಅವರಿಗೆ ಗೊತ್ತಾದರೆ ಅಪಾಯ ಅನ್ನುವಂತಿದ್ದರೆ ಅರ್ಜಿ ಕೊಡುವ ಮುಂಚೆಯೇ ಟ್ರಿಬ್ಯೂನಲ್‌ಗೆ ಹೇಳಿ. ದೊಡ್ಡ ಅಪಾಯ ತಪ್ಪಿಸಲು ನಿರ್ದಿಷ್ಟ ಭಾಗವನ್ನು ತೋರಿಸದಿರುವ ಅಧಿಕಾರ ನ್ಯಾಯಾಧೀಶರಿಗೆ ಇದೆ.

ಸಾಕ್ಷಿಗಳು

ಡಿವೋರ್ಸ್ ಸಮಯದಲ್ಲಿ ನಿಮ್ಮ ಜೊತೆ ನಿಂತ ಗೆಳತಿ ಒಳ್ಳೆಯವಳೇ. ಆದರೆ ಅವಳ ಪರಿಚಯ ಆದದ್ದು ಮದುವೆಯಾಗಿ ಆರು ವರ್ಷದ ಮೇಲೆ ಎಂದಾದರೆ ಅವಳು ಹೇಳಬಹುದಾದದ್ದು ಕಡಿಮೆ. ಬೇಕಾದವರು ಆಗಿನವರು. ಅಕ್ಕ, ತಮ್ಮ, ಹಾಸ್ಟೆಲ್ ರೂಮಿನ ಗೆಳತಿ, ಮದುವೆಯ ಹಿಂದಿನ ರಾತ್ರಿ ನೀವು ಅತ್ತದ್ದನ್ನು ನೋಡಿದ ಚಿಕ್ಕಮ್ಮ. ಇನ್ನೊಬ್ಬರ ಕಡೆಯ ಸಂಬಂಧಿಕರು ಮಾತಾಡಲು ಒಪ್ಪಿದರೆ ಅದಕ್ಕೆ ತುಂಬಾ ತೂಕ. ಆ ದಿನಗಳಲ್ಲಿ ನೋಡಿದ ವೈದ್ಯರು, ಕೌನ್ಸೆಲರ್ ಇದ್ದರೆ ಅವರ ದಾಖಲೆಯೂ ಆಗುತ್ತದೆ. ಆಗಿನ ಪತ್ರಗಳು, ಮೆಸೇಜುಗಳು, ಡೈರಿ ಎಲ್ಲವನ್ನೂ ಹುಡುಕಿ ತೆಗೆಯಿರಿ.

ಸಾಕ್ಷಿಗಳ ಹೆಸರು ಕೊಡುವ ಮುಂಚೆ ಅವರಿಗೆ ಫೋನ್ ಮಾಡಿ ಕೇಳಿ. ಏನು ಹೇಳಬೇಕು ಎಂದು ಮಾತ್ರ ಹೇಳಿಕೊಡಬೇಡಿ. ಮೂವರು ಸಾಕ್ಷಿಗಳು ಒಂದೇ ವಾಕ್ಯ ಹೇಳಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಸಾಕ್ಷಿಗಳೇ ಇಲ್ಲದವರು ಧೈರ್ಯ ಕಳೆದುಕೊಳ್ಳಬೇಡಿ. ಈಗಿನ ಕಾನೂನಿನ ಪ್ರಕಾರ ಗಂಡ ಹೆಂಡತಿಯ ಹೇಳಿಕೆಗಳೇ ಪೂರ್ತಿ ಪುರಾವೆ ಆಗಬಹುದು. ಅವರು ನಂಬಲು ಅರ್ಹರು ಎಂದು ಬೇರೆಯವರಿಂದ ತಿಳಿದುಬಂದರೆ ಇನ್ನೂ ಬಲ ಬರುತ್ತದೆ. ಉಳಿದ ಸಾಕ್ಷ್ಯಗಳು ಅದನ್ನು ಸುಳ್ಳು ಮಾಡಬಾರದು, ಅಷ್ಟೇ.

ಕವರ್ ಬಂದವರಿಗೆ

ಇಲ್ಲಿ ನನ್ನ ಅನುಭವ ಬೇರೆ ಕಡೆಯದು. ನಮ್ಮ ಕೇಸಿನಲ್ಲಿ ಅರ್ಜಿ ಹಾಕಿದ್ದು ನನ್ನ ಮಾಜಿ ಗಂಡ. ನನಗೆ ಬಂದದ್ದು ಟ್ರಿಬ್ಯೂನಲ್ ಕಳಿಸಿದ ಕವರ್. ಡಿವೋರ್ಸ್ ಕೇಸಿನಲ್ಲಿ ಓದಿದ ಮಾತುಗಳೇ ಮತ್ತೆ ಬಂದವು ಎಂದುಕೊಂಡು, ಅದನ್ನು ಒಡೆಯದೆ ಫ್ರಿಜ್ ಮೇಲೆ ಇಟ್ಟು ಓಡಾಡಿದೆ. ಒಡೆದಾಗ ಒಳಗೆ ಇದ್ದದ್ದು ಪ್ರಶ್ನೆ: ನಿಮಗೆ ಏನಾದರೂ ಹೇಳುವುದು ಇದೆಯಾ?

ಅರ್ಜಿಗೆ ಇಬ್ಬರೂ ಸಹಿ ಹಾಕಿರದಿದ್ದರೆ ಪ್ರತಿವಾದಿಗೆ ಪ್ರತಿ ಕಳಿಸಲೇಬೇಕು. ಅಭಿಪ್ರಾಯ ಹೇಳಲು 15 ದಿನ ಕೊಡುತ್ತಾರೆ. ಒಪ್ಪುತ್ತೇನೆ ಎನ್ನಬಹುದು, ಒಪ್ಪುವುದಿಲ್ಲ ಎನ್ನಬಹುದು, ತೀರ್ಮಾನ ಟ್ರಿಬ್ಯೂನಲ್‌ಗೆ ಬಿಟ್ಟಿದ್ದೇನೆ ಎನ್ನಬಹುದು. ಏನೂ ಹೇಳದಿದ್ದರೆ ಕೇಸು ನಿಲ್ಲುವುದಿಲ್ಲ, ಗೈರುಹಾಜರಿ ಎಂದು ಬರೆದುಕೊಂಡು ಮುಂದೆ ಹೋಗುತ್ತದೆ. ಅಂದರೆ ಇನ್ನೊಬ್ಬರ ಒಪ್ಪಿಗೆ ಇಲ್ಲದೆಯೂ ಅನಲ್ಮೆಂಟ್ ಸಿಗಬಹುದು. ಅರ್ಜಿ ಹಾಕುವವರು ಇದನ್ನು ತಿಳಿದಿರಿ, ಕವರ್ ಬಂದವರು ಇನ್ನೂ ಚೆನ್ನಾಗಿ ತಿಳಿದಿರಿ. ಸುಮ್ಮನಿದ್ದರೆ ನಿಮ್ಮ ಮದುವೆಯ ಕಥೆಯನ್ನು ಇನ್ನೊಬ್ಬರು ಮಾತ್ರ ಹೇಳಿದಂತೆ ಆಗುತ್ತದೆ.

ನಾನು ಹೋದೆ. ಅವರು ಅಲ್ಲಿರುತ್ತಾರೆ ಎಂದು ಹೆದರಿದ್ದೆ, ಇರಲಿಲ್ಲ. ಒಬ್ಬರ ಹೇಳಿಕೆ ಪಡೆಯುವಾಗ ಇನ್ನೊಬ್ಬರು ಕೋಣೆಯಲ್ಲಿ ಇರುವ ಹಾಗಿಲ್ಲ, ಅದು ನಿಯಮ. ಸಿನಿಮಾದ ಕಟಕಟೆ ಇಲ್ಲ, ಜಗಳ ಇಲ್ಲ. ಒಂದು ಟೇಬಲ್, ಪ್ರಶ್ನೆ ಕೇಳುವ ಫಾದರ್, ಬರೆದುಕೊಳ್ಳುವ ನೋಟರಿ. ಸತ್ಯ ಹೇಳುತ್ತೇನೆ ಎಂದು ಪ್ರಮಾಣ, ಕೊನೆಗೆ ಬರೆದದ್ದನ್ನು ಓದಿ ಸಹಿ.

ನನ್ನನ್ನು ಕಾಡಿದ್ದು ಬಂಧನ ರಕ್ಷಕರ ಟಿಪ್ಪಣಿ. ಪ್ರತಿ ಕೇಸಿನಲ್ಲೂ ಇಂಥ ಒಬ್ಬರು ಇರಲೇಬೇಕು. ಮದುವೆ ಸಿಂಧು ಅನ್ನಲು ನ್ಯಾಯವಾಗಿ ಏನೆಲ್ಲ ಹೇಳಬಹುದೋ ಅದನ್ನೆಲ್ಲ ಹೇಳುವುದು ಅವರ ಕರ್ತವ್ಯ. 1741ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಈ ಹುದ್ದೆಯನ್ನು ಕಡ್ಡಾಯ ಮಾಡಿದರು. ನಮ್ಮ ಮದುವೆಯ ಪರವಾಗಿ ಅಷ್ಟು ಶ್ರದ್ಧೆಯಿಂದ ಮಾತಾಡಿದವರು ಅದುವರೆಗೂ ಯಾರೂ ಇರಲಿಲ್ಲ, ನಾವಿಬ್ಬರೂ ಸೇರಿ. ಅವರು ನನ್ನ ಮುಖವನ್ನೂ ನೋಡಿದವರಲ್ಲ.

ಅರ್ಜಿ ಒಳಗೆ ಹೋದ ಮೇಲೆ

ಅರ್ಜಿಯಲ್ಲಿ ಹುರುಳಿದೆ ಅನ್ನಿಸಿದರೆ ನ್ಯಾಯ ಪ್ರತಿನಿಧಿ, ಅಂದರೆ ಟ್ರಿಬ್ಯೂನಲ್‌ನ ಮುಖ್ಯಸ್ಥರಾದ ಗುರುಗಳು, ಅದನ್ನು ಸ್ವೀಕರಿಸುತ್ತಾರೆ. ಇನ್ನೊಬ್ಬರ ಉತ್ತರ ಬಂದ ಮೇಲೆ ಅಥವಾ ಅವಧಿ ಮುಗಿದ ಮೇಲೆ, ಯಾವ ಕಾರಣದ ಮೇಲೆ ವಿಚಾರಣೆ ಎಂದು ಬರೆದು ತಿಳಿಸುತ್ತಾರೆ. ಆ ಪತ್ರವನ್ನು ಜೋಪಾನ ಮಾಡಿ. ಮುಂದೆ ಎಲ್ಲವೂ ಆ ಕಾರಣದ ಸುತ್ತಲೇ ನಡೆಯುತ್ತದೆ. ಆಮೇಲೆ ಹೇಳಿಕೆಗಳು, ಸಾಕ್ಷಿಗಳು. ಮನಸ್ಸಿನ ಸ್ಥಿತಿಯ ಪ್ರಶ್ನೆ ಇದ್ದರೆ ಮನಶ್ಶಾಸ್ತ್ರದ ತಜ್ಞರನ್ನು ಕರೆಸುತ್ತಾರೆ. ಅದಕ್ಕೆ ಗಾಬರಿ ಬೇಡ, ಹುಚ್ಚು ಎಂದು ಮುದ್ರೆ ಹೊಡೆಯುವ ಕೆಲಸ ಅಲ್ಲ ಅದು. ಎಲ್ಲ ಮುಗಿದ ಮೇಲೆ ಇಬ್ಬರಿಗೂ ಸಾಕ್ಷ್ಯಗಳನ್ನು ಓದಲು ಅವಕಾಶ, ಬಂಧನ ರಕ್ಷಕರ ಟಿಪ್ಪಣಿ, ವಕೀಲರಿದ್ದರೆ ಅವರ ವಾದ, ನಂತರ ಸಾಮಾನ್ಯವಾಗಿ ಮೂವರು ನ್ಯಾಯಾಧೀಶರ ತೀರ್ಪು. ಅನುಮಾನ ಉಳಿದರೆ ಮದುವೆ ಸಿಂಧು ಎಂದೇ ತೀರ್ಪು. "ಇರಬಹುದು" ಸಾಲದು, ನ್ಯಾಯಾಧೀಶರಿಗೆ ಮನಸ್ಸಾರೆ ಖಚಿತವಾಗಬೇಕು.

ಮೊದಲ ಹಂತ ಒಂದು ವರ್ಷ ಮೀರದಂತೆ ನೋಡಿಕೊಳ್ಳಬೇಕು ಎಂದು ಕಾನೂನು ಹೇಳುತ್ತದೆ. ಸಾಕ್ಷಿಗಳು ಉತ್ತರಿಸದಿದ್ದರೆ, ವಿಳಾಸ ತಪ್ಪಿದ್ದರೆ ಎಳೆಯುತ್ತದೆ. ಹಾಗಾಗಿ ಹೊಸ ಮದುವೆಗೆ ದಿನ ಗೊತ್ತುಮಾಡಿ ಆಮೇಲೆ ಅರ್ಜಿ ಹಾಕಬೇಡಿ. ಅಂತಿಮ ತೀರ್ಪು ಕೈಗೆ ಬರುವವರೆಗೆ ಯಾವ ಫಾದರೂ ದಿನ ಕೊಡುವ ಹಾಗಿಲ್ಲ.

ಖರ್ಚು ಧರ್ಮಕ್ಷೇತ್ರದಿಂದ ಧರ್ಮಕ್ಷೇತ್ರಕ್ಕೆ ಬೇರೆ. ಸಾಧ್ಯವಾದಷ್ಟು ಉಚಿತವಾಗಿರಬೇಕು ಎಂದು ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದರು. ಕೊಡಲು ಆಗದವರು ಹಾಗೆಂದು ಹೇಳಿ, ರಿಯಾಯಿತಿಗೆ ಅವಕಾಶವಿದೆ. ದುಡ್ಡು ಕೊಟ್ಟರೆ ಅನಲ್ಮೆಂಟ್ ಗ್ಯಾರಂಟಿ ಅನ್ನುವ ಮಧ್ಯವರ್ತಿಗಳನ್ನು ಬಾಗಿಲಲ್ಲೇ ಕಳಿಸಿಬಿಡಿ.

ಬಿಷಪ್ಪರ ಮುಂದಿನ ಚಿಕ್ಕ ದಾರಿ

"ಈಗ ತಿಂಗಳಲ್ಲಿ ಆಗುತ್ತಂತೆ" ಎಂದು ಕೇಳಿಕೊಂಡು ಬರುವವರು ಜಾಸ್ತಿ. 2015ರ ಡಿಸೆಂಬರ್ 8ರಂದು ಪೋಪ್ ಫ್ರಾನ್ಸಿಸ್ ಅವರ ಹೊಸ ನಿಯಮಗಳು ಜಾರಿಗೆ ಬಂದವು. ಅದುವರೆಗೆ ಅಸಿಂಧು ಎಂದು ಎರಡು ಟ್ರಿಬ್ಯೂನಲ್‌ಗಳು ಒಂದೇ ರೀತಿ ಹೇಳಬೇಕಿತ್ತು, ಈಗ ಒಂದು ತೀರ್ಪು ಸಾಕು. ಅದರ ಜೊತೆಗೆ ಬಿಷಪ್ಪರೇ ತೀರ್ಮಾನಿಸುವ ಚಿಕ್ಕ ವಿಚಾರಣೆಯೂ ಬಂತು. ಆದರೆ ಅದಕ್ಕೆ ಎರಡು ಷರತ್ತು ಇದೆ. ಇಬ್ಬರೂ ಸೇರಿ ಅರ್ಜಿ ಹಾಕಿರಬೇಕು, ಅಥವಾ ಒಬ್ಬರು ಹಾಕಿ ಇನ್ನೊಬ್ಬರು ಒಪ್ಪಿರಬೇಕು. ಜೊತೆಗೆ, ಹೆಚ್ಚು ತನಿಖೆ ಬೇಡವೆನಿಸುವಷ್ಟು ಸ್ಪಷ್ಟವಾದ ಸಾಕ್ಷ್ಯ ಕೈಯಲ್ಲೇ ಇರಬೇಕು. ಮದುವೆಯ ಸಮಯದಲ್ಲೂ ಬಿಡದೆ ನಡೆದ ಬೇರೆ ಸಂಬಂಧ, ಹಿಂದಿನ ಸಂಬಂಧದ ಮಗುವನ್ನೋ ಜೈಲುವಾಸವನ್ನೋ ಮುಚ್ಚಿಟ್ಟದ್ದು, ಬಹಳ ಕಡಿಮೆ ಸಮಯದ ಸಂಸಾರ ಇಂಥವನ್ನು ನಿಯಮಗಳು ಉದಾಹರಣೆಗೆ ಕೊಡುತ್ತವೆ. ಇವು ಸುಳಿವುಗಳು, ತಾವಾಗಿಯೇ ಕಾರಣಗಳಲ್ಲ. ಬಿಷಪ್ಪರಿಗೆ ಖಚಿತವಾಗದಿದ್ದರೆ ಕೇಸು ಸಾಮಾನ್ಯ ವಿಚಾರಣೆಗೇ ವಾಪಸ್.

ತೀರ್ಪು ಬಂದಾಗ

ಅಸಿಂಧು ಎಂದು ಬಂದರೂ ಅದೇ ದಿನ ಮುಗಿಯಲಿಲ್ಲ. ತೀರ್ಪು ತಿಳಿಸಿದ ಮೇಲೆ ಮೇಲ್ಮನವಿಗೆ 15 ದಿನ ಇದೆ. ಇನ್ನೊಬ್ಬರೂ ಹೋಗಬಹುದು, ಬಂಧನ ರಕ್ಷಕರೂ ಹೋಗಬಹುದು. ಯಾರೂ ಹೋಗದಿದ್ದರೆ ಅವಧಿ ಮುಗಿದ ಮೇಲೆ ತೀರ್ಪು ಜಾರಿಗೆ ಬರುತ್ತದೆ.

ಸಿಂಧು ಎಂದು ಬಂದರೆ ಮೇಲಿನ ಟ್ರಿಬ್ಯೂನಲ್‌ಗೆ ಅಥವಾ ರೋಮನ್ ರೋಟಾಕ್ಕೆ ಹೋಗಬಹುದು. ಮೇಲೆ ಓಡುವ ಮುಂಚೆ ತೀರ್ಪಿನ ಕಾರಣಗಳನ್ನು ಕೂತು ಓದಿ. ಕಾರಣ ಬಲವಾಗಿತ್ತು, ಸಾಕ್ಷ್ಯ ಸಾಲದಾಯಿತು ಎಂದಿದ್ದರೆ ಹೊಸ ಸಾಕ್ಷಿ ಹುಡುಕಬೇಕು. ಹಿಡಿದ ಕಾರಣವೇ ಹೊಂದಲಿಲ್ಲ ಎಂದಿದ್ದರೆ ಬೇರೆ ಕಾರಣದ ಮೇಲೆ ಹೊಸ ಅರ್ಜಿ ಆಗುತ್ತದಾ ಎಂದು ಕ್ಯಾನನ್ ಕಾನೂನು ಬಲ್ಲವರನ್ನು ಕೇಳಿ. ಇಂಥ ಕೇಸುಗಳ ಬಾಗಿಲು ಶಾಶ್ವತವಾಗಿ ಮುಚ್ಚುವುದಿಲ್ಲ. ಎರಡು ಬಾರಿ ಒಂದೇ ರೀತಿಯ ತೀರ್ಪು ಬಂದ ಮೇಲೆ ಮಾತ್ರ ಹೊಸ, ಗಂಭೀರ ಪುರಾವೆ ಬೇಕಾಗುತ್ತದೆ.

ಅಸಿಂಧು ತೀರ್ಪಿನ ಕೊನೆಯ ಸಾಲುಗಳನ್ನು ತಪ್ಪದೆ ನೋಡಿ. ಕೆಲವೊಮ್ಮೆ ಒಬ್ಬರಿಗೆ, ಕೆಲವೊಮ್ಮೆ ಇಬ್ಬರಿಗೂ, "ಅನುಮತಿ ಇಲ್ಲದೆ ಹೊಸ ಮದುವೆ ಆಗುವಂತಿಲ್ಲ" ಎಂದು ತಡೆ ಹಾಕಿರುತ್ತಾರೆ. ಮೊದಲ ಮದುವೆಯನ್ನು ಅಸಿಂಧು ಮಾಡಿದ ಸಮಸ್ಯೆ ಈಗಲೂ ಉಳಿದಿದೆಯಾ ಎಂದು ನೋಡಿಕೊಳ್ಳಲು ಅದು. ಕೌನ್ಸೆಲಿಂಗ್ ಮುಗಿಸಿ ಬನ್ನಿ ಎಂದು ಹೇಳಬಹುದು. ಅವಮಾನ ಎಂದುಕೊಂಡು ಕೂರಬೇಡಿ, ತಡೆ ತೆಗೆಸಲು ಏನು ಮಾಡಬೇಕು ಎಂದು ಕಚೇರಿಯಲ್ಲೇ ಬರೆದುಕೊಂಡು ಬನ್ನಿ.

ಇಷ್ಟಾದ ಮೇಲೆ ತೀರ್ಪನ್ನು ಮದುವೆ ಪುಸ್ತಕದಲ್ಲೂ ದೀಕ್ಷಾಸ್ನಾನ ಪುಸ್ತಕದಲ್ಲೂ ದಾಖಲಿಸಬೇಕು. ಅದು ತಾನಾಗಿ ಆಗಬೇಕಾದ ಕೆಲಸ. ಆದರೆ ನೀವು ದೀಕ್ಷಾಸ್ನಾನ ಪಡೆದ ಚರ್ಚು ಒಂದು ಕಡೆ, ಮದುವೆಯ ಚರ್ಚು ಇನ್ನೊಂದು ಕಡೆ ಇದ್ದರೆ ಪತ್ರ ತಲುಪುವುದು ತಡವಾಗಬಹುದು. ಹೊಸ ಮದುವೆಗೆ ಹೆಸರು ಕೊಡುವ ಮುಂಚೆ ದೀಕ್ಷಾಸ್ನಾನ ಪತ್ರ ಇನ್ನೊಮ್ಮೆ ತೆಗೆಸಿ, ಷರಾದಲ್ಲಿ ತೀರ್ಪಿನ ಉಲ್ಲೇಖ ಇದೆಯಾ ನೋಡಿ. ಇಲ್ಲದಿದ್ದರೆ ಕೇಸಿನ ಸಂಖ್ಯೆ ಕೈಯಲ್ಲಿಟ್ಟುಕೊಂಡು ಟ್ರಿಬ್ಯೂನಲ್ ನೋಟರಿಗೆ ಫೋನ್ ಮಾಡಿ.